ದೊಡ್ಡ ವಾಹನದ ಹಿಂಬದಿ ಕುಲುಕಾಟ: ಹಣ ತೆರುವ ಮುನ್ನ ತಿಳಿಯತಕ್ಕ ಸಂಗತಿಗಳು

ವರ್ತಕ ಬಂಧುಗಳ ಲೆಕ್ಕಪತ್ರಗಳಲ್ಲಿ 'ವಾಹನ ದುರಸ್ತಿ' ಎಂಬ ಖಾತೆಯನ್ನು ಸಾಮಾನ್ಯವಾಗಿ ಯಾರೂ ಗಮನವಿಟ್ಟು ನೋಡುವುದಿಲ್ಲ. ವರ್ಷದ ಕೊನೆಗೆ ಒಟ್ಟು ಮೊತ್ತ ಎಷ್ಟಾಯಿತೆಂದು ಕೇಳಿ, ನಿಟ್ಟುಸಿರು ಬಿಟ್ಟು, ಮುಂದಿನ ಖಾತೆಗೆ ಹೋಗುತ್ತೇವೆ. ಆದರೆ ಆ ಖಾತೆಯನ್ನು ಬಿಡಿಸಿ ನೋಡಿದಾಗ ಒಂದು ಮಾದರಿ ಎದ್ದು ಕಾಣುತ್ತದೆ. ಮೊದಲು ಹಿಂದಿನ ಶಾಕ್ ಅಬ್ಸಾರ್ಬರ್ ಜೊತೆ, ಎರಡು ತಿಂಗಳ ನಂತರ ಕಮಾನುಪಟ್ಟಿ ಅಥವಾ ಸುರುಳಿ ಸ್ಪ್ರಿಂಗು, ಅದಾದ ಮೇಲೆ ರಬ್ಬರ್ ಬುಶ್‌ಗಳು, ಕೊನೆಗೆ ನಾಲ್ಕು ಹೊಸ ಟೈರುಗಳು. ಇಷ್ಟಾದರೂ ಮಾಲೀಕರ ದೂರು ಮಾತ್ರ ಮೊದಲಿನದೇ: "ಗಾಡಿ ಹಿಂದೆ ಎತ್ತಿಹಾಕುತ್ತದೆ." ಬಿಲ್ಲುಗಳ ಅನುಕ್ರಮವೇ ಹೇಳುವಂತೆ, ಇಲ್ಲಿ ರೋಗ ಗುರುತಿಸುವ ಮೊದಲೇ ಔಷಧ ಕೊಡಲಾಗಿದೆ, ಅದೂ ದುಬಾರಿ ಔಷಧದಿಂದ ಆರಂಭಿಸಿ.

ಲೆಕ್ಕಪರಿಶೋಧಕನಿಗೆ ಗ್ಯಾರೇಜಿನ ವಿಷಯವೇಕೆಂದು ಓದುಗರು ಕೇಳಬಹುದು. ಈ ಖರ್ಚಿನ ಪ್ರತಿಯೊಂದು ಹೆಜ್ಜೆಯೂ ತೆರಿಗೆ, ವಿಮೆ ಮತ್ತು ಮೋಟಾರು ವಾಹನ ಕಾಯ್ದೆಗಳಿಗೆ ತಳಕು ಹಾಕಿಕೊಂಡಿದೆ. ಆದಕಾರಣ ಮೊದಲು ಯಂತ್ರದ ವಿಚಾರವನ್ನೂ, ಅನಂತರ ಕಾಯ್ದೆ ಮತ್ತು ಲೆಕ್ಕದ ವಿಚಾರವನ್ನೂ ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ನಮ್ಮ ನೆಲ, ನಮ್ಮ ರಸ್ತೆ

ಸಾಲಗುಂದದಿಂದ ಸಿಂಧನೂರಿಗೆ ದಿನವೂ ಓಡಾಡುವ ವರ್ತಕರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಈ ಸೀಮೆಯ ನೆಲ ಹೆಚ್ಚಾಗಿ ಎರೆಮಣ್ಣು. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಗುಂಡಿ ಬೀಳುವುದಕ್ಕಿಂತ ಮೊದಲೇ ಅಲೆಯಲೆಯಾಗಿ ಏಳುತ್ತದೆ, ಅಂಚುಗಳು ಕುಸಿಯುತ್ತವೆ. ಲಿಂಗಸುಗೂರು, ಮಸ್ಕಿ, ಸಿಂಧನೂರು, ಸಿರುಗುಪ್ಪಗಳನ್ನು ಪೋಣಿಸುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ವೇಗವಾಗಿ ಬಂದ ವಾಹನ ಹಳ್ಳಿಯ ರಸ್ತೆಗೆ ಅಥವಾ ಕಾಲುವೆಯ ಏರಿಗೆ ಇಳಿದ ಕೂಡಲೇ ಅದರ ಹಿಂಬದಿಗೆ ನಿಜವಾದ ಪರೀಕ್ಷೆ ಆರಂಭವಾಗುತ್ತದೆ.

ಇದರೊಂದಿಗೆ ರಸ್ತೆ ಉಬ್ಬುಗಳ ಕಾಟವೂ ಇದೆ. ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಸಾಮಾನ್ಯ ರಸ್ತೆ ಉಬ್ಬು 3.7 ಮೀಟರ್ ಅಗಲ ಹಾಗೂ 10 ಸೆಂಟಿಮೀಟರ್ ಎತ್ತರವಿದ್ದು, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವಂತೆ ಇಳಿಜಾರಾಗಿರಬೇಕು. ನಮ್ಮ ಊರುಗಳ ಉಬ್ಬುಗಳು ಒಂದು ಮಾರು ಅಗಲವೂ ಇರುವುದಿಲ್ಲ. ಕೆಲವಂತೂ ರಸ್ತೆಗೆ ಅಡ್ಡಲಾಗಿ ಮಲಗಿಸಿದ ಕಂಬದಂತಿರುತ್ತವೆ. ಇಂಥ ಉಬ್ಬಿನ ಮೇಲೆ ಯಾವ ಬೆಲೆಯ ವಾಹನವಾದರೂ ಕುಲುಕಿಯೇ ತೀರುತ್ತದೆ. ಆ ಪಾಲನ್ನು ವಾಹನದ ದೋಷವೆಂದು ಎಣಿಸಬಾರದು.

ಎತ್ತಿಹಾಕುವುದು ಬೇರೆ, ಬಡಿಯುವುದು ಬೇರೆ

ಇಡೀ ವಿಷಯದ ತಿರುಳು ಇಲ್ಲಿದೆ. "ಹಿಂದೆ ಗಡಸಾಗಿದೆ" ಎಂಬ ಒಂದೇ ಮಾತಿನೊಳಗೆ ಪರಸ್ಪರ ವಿರುದ್ಧವಾದ ಎರಡು ದೂರುಗಳು ಅಡಗಿವೆ.

ಮೊದಲನೆಯದು, ವಾಹನ ಖಾಲಿ ಇದ್ದಾಗ, ಅಥವಾ ಚಾಲಕರೊಬ್ಬರೇ ಇದ್ದಾಗ, ಸಣ್ಣಪುಟ್ಟ ಏರುತಗ್ಗುಗಳಲ್ಲೂ ಹಿಂಭಾಗ ಚಂಗನೆ ಮೇಲೆದ್ದು ಬೀಳುವುದು. ಜನ ತುಂಬಿದರೆ ಇದು ತಾನಾಗಿಯೇ ಕಡಿಮೆಯಾಗುತ್ತದೆ. ಇದನ್ನು ಎತ್ತಿಹಾಕುವುದು ಎನ್ನೋಣ. ಇಲ್ಲಿ ಸ್ಪ್ರಿಂಗು ಹೊತ್ತ ಭಾರಕ್ಕೆ ಹೋಲಿಸಿದರೆ ಅತಿ ಗಟ್ಟಿಯಾಗಿದೆ, ಇಲ್ಲವೇ ಅದು ಚಲಿಸದಂತೆ ಎಲ್ಲಿಯೋ ಬಿಗಿದಿದೆ.

ಎರಡನೆಯದು, ಆರೇಳು ಜನ ಕುಳಿತು, ಹಿಂದೆ ಸಾಮಾನು ತುಂಬಿ ಹೊರಟಾಗ ಗುಂಡಿಯಲ್ಲಿ 'ದಡ್' ಎಂದು ಲೋಹಕ್ಕೆ ಲೋಹ ತಾಕಿದಂತೆ ಏಟು ಬೀಳುವುದು. ಖಾಲಿ ಇದ್ದಾಗ ಇದು ಇರುವುದಿಲ್ಲ. ಇದು ಬಡಿಯುವುದು. ಇಲ್ಲಿ ಸ್ಪ್ರಿಂಗು ದಣಿದು ಕುಸಿದಿದೆ ಅಥವಾ ಭಾರ ಮಿತಿಮೀರಿದೆ. ಆಕ್ಸಲ್ ಮೇಲೆದ್ದು ಚಾಸಿಗೆ ಅಳವಡಿಸಿದ ರಬ್ಬರ್ ತಡೆಗೆ, ಅಂದರೆ ಬಂಪ್ ಸ್ಟಾಪರ್‌ಗೆ, ಅಪ್ಪಳಿಸುತ್ತಿದೆ.

ಎತ್ತಿಹಾಕುವ ವಾಹನಕ್ಕೆ ಒಂದು ಪಟ್ಟಿ ಹೆಚ್ಚು ಹಾಕಿಸಿದರೆ ಸಂಕಟ ಇಮ್ಮಡಿಯಾಗುತ್ತದೆ. ಬಡಿಯುವ ವಾಹನದಿಂದ ಒಂದು ಪಟ್ಟಿ ತೆಗೆಸಿದರೆ ಮೊದಲ ಗುಂಡಿಯಲ್ಲೇ ಚಾಸಿಗೆ ಪೆಟ್ಟು ಬೀಳುತ್ತದೆ. ಒಬ್ಬರ ಔಷಧ ಇನ್ನೊಬ್ಬರಿಗೆ ವಿಷವಾಗುವ ಈ ಸ್ಥಿತಿಯಲ್ಲಿ, ಗ್ಯಾರೇಜಿಗೆ ಹೋಗಿ ಬರಿಯ "ಹಿಂದೆ ಗಡಸು" ಎಂದು ಹೇಳಿ ಕೀಲಿಕೈ ಕೊಟ್ಟು ಬರುವುದು ಎಷ್ಟು ಅಪಾಯಕರವೆಂದು ಹೇಳಬೇಕಾಗಿಲ್ಲ.

ಎರಡನ್ನೂ ಬೇರ್ಪಡಿಸಲು ಖರ್ಚಿಲ್ಲದ ಪರೀಕ್ಷೆಯಿದೆ. ನಿತ್ಯದ ರಸ್ತೆಯಲ್ಲಿ, ನಿತ್ಯದ ವೇಗದಲ್ಲಿ, ಮೊದಲು ಒಬ್ಬರೇ ಹೋಗಿರಿ. ಅನಂತರ ಹಿಂದಿನ ಆಸನಗಳಲ್ಲಿ ಮೂವರನ್ನು ಕೂರಿಸಿಕೊಂಡು ಅದೇ ರಸ್ತೆಯಲ್ಲಿ ಹೋಗಿರಿ. ಕುಲುಕಾಟ ತಗ್ಗಿದರೆ ಮೊದಲನೆಯ ರೋಗ, ಹೆಚ್ಚಿದರೆ ಎರಡನೆಯದು. ಸಂಶಯವಿದ್ದಲ್ಲಿ ಬಂಪ್ ಸ್ಟಾಪರ್‌ನ ತುದಿಗೆ ಸ್ವಲ್ಪ ಸುಣ್ಣ ಹಚ್ಚಿ ಓಡಿಸಿ ನೋಡಬಹುದು. ಮರಳಿ ಬಂದಾಗ ಆಕ್ಸಲ್ ಮೇಲೆ ಸುಣ್ಣದ ಗುರುತು ಮೂಡಿದ್ದರೆ ಅದು ಬಡಿಯುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಎರಡು ದೂರುಗಳೂ ಒಟ್ಟಿಗೇ ಇರುವ ಹಳೆಯ ವಾಹನಗಳೂ ಉಂಟು. ಅಲ್ಲಿ ಶಾಕ್ ಅಬ್ಸಾರ್ಬರ್ ಸತ್ತಿರುವ ಸಂಭವವೇ ಹೆಚ್ಚು.

ಹಿಂಬದಿಯೇ ಏಕೆ?

ವಾಹನದ ಮುಂಭಾಗದಲ್ಲಿ ಎಂಜಿನ್ ಸದಾ ಇರುತ್ತದೆ. ಆ ಭಾರ ಹೆಚ್ಚು ಕಡಿಮೆಯಾಗುವುದಿಲ್ಲ. ಹಿಂಭಾಗದ ಭಾರ ಮಾತ್ರ ಒಬ್ಬರಿಂದ ಏಳು ಜನರವರೆಗೆ ಏರಿಳಿಯುತ್ತದೆ. ತಯಾರಕರು ಏಳು ಜನ ಕುಳಿತಾಗಲೂ ಹಿಂಬದಿ ನೆಲಕ್ಕೆ ಕೂರದಂತೆ ಸ್ಪ್ರಿಂಗನ್ನು ಗಟ್ಟಿಯಾಗಿ ಮಾಡಲೇಬೇಕು. ಆ ಗಟ್ಟಿತನದ ಬೆಲೆಯನ್ನು ಖಾಲಿ ಓಡಾಡುವವರು ತೆರುತ್ತಾರೆ.

ಇದನ್ನು ಅಂಕಿಗಳಲ್ಲಿ ನೋಡೋಣ. ಸ್ಪ್ರಿಂಗು ತನ್ನ ಮೇಲಿನ ಭಾರದಿಂದ ಎಷ್ಟು ಸೆಂಟಿಮೀಟರ್ ಕುಗ್ಗಿ ನಿಂತಿದೆಯೋ ಆ ಸಂಖ್ಯೆಯ ವರ್ಗಮೂಲದಿಂದ 5ನ್ನು ಭಾಗಿಸಿದರೆ, ವಾಹನ ಸೆಕೆಂಡಿಗೆ ಎಷ್ಟು ಬಾರಿ ಮೇಲೆ ಕೆಳಗೆ ತೂಗುತ್ತದೆ ಎಂಬುದು ಸ್ಥೂಲವಾಗಿ ದೊರೆಯುತ್ತದೆ. ಉದಾಹರಣೆಗೆ, ಹಿಂದಿನ ಸ್ಪ್ರಿಂಗುಗಳ ಮೇಲೆ ಖಾಲಿ ಇದ್ದಾಗ 600 ಕೆ.ಜಿ. ಭಾರವಿದ್ದು ಅವು 6 ಸೆಂ.ಮೀ. ಕುಗ್ಗಿವೆ ಎಂದಿಟ್ಟುಕೊಳ್ಳಿ. ಆಗ ತೂಗಾಟ ಸೆಕೆಂಡಿಗೆ ಸುಮಾರು 2 ಬಾರಿ. ಭಾರ 1,000 ಕೆ.ಜಿ.ಗೆ ಏರಿದಾಗ ಕುಗ್ಗುವಿಕೆ 10 ಸೆಂ.ಮೀ. ಆಗಿ, ತೂಗಾಟ ಸುಮಾರು 1.6ಕ್ಕೆ ಇಳಿಯುತ್ತದೆ. ಆರಾಮದಾಯಕ ಕಾರುಗಳಲ್ಲಿ ಇದು 1ರಿಂದ 1.5ರ ಆಸುಪಾಸಿನಲ್ಲಿರುತ್ತದೆ. ಅದೇ ಸ್ಪ್ರಿಂಗು, ಅದೇ ರಸ್ತೆ, ಭಾರವೊಂದೇ ಬದಲಾದದ್ದು.

ಕುಳಿತುಕೊಳ್ಳುವ ಸ್ಥಳವೂ ಮುಖ್ಯ. ನಡುವಿನ ಸಾಲು ಎರಡು ಆಕ್ಸಲ್‌ಗಳ ಮಧ್ಯೆ ಇರುವುದರಿಂದ ಹಿಂಚಕ್ರದ ಏಟಿನ ಒಂದು ಭಾಗ ಮಾತ್ರ ಅಲ್ಲಿಗೆ ತಲುಪುತ್ತದೆ. ಮೂರನೆಯ ಸಾಲು ಹಿಂದಿನ ಆಕ್ಸಲ್‌ನ ಮೇಲೆಯೇ ಅಥವಾ ಅದರ ಹಿಂದೆ ಇರುವುದರಿಂದ ಪೂರ್ಣ ಏಟು ಬೆನ್ನಿಗೇ ಬೀಳುತ್ತದೆ. ಮನೆಯ ಹಿರಿಯರನ್ನು, ಬೆನ್ನುನೋವು ಇರುವವರನ್ನು ಗೌರವದಿಂದ ನಡುವಿನ ಸಾಲಿಗೆ ಕೂರಿಸಿದರೆ ಅರ್ಧ ದೂರು ಪುಕ್ಕಟೆಯಾಗಿ ಪರಿಹಾರವಾಗುತ್ತದೆ. ಇಂದಿಗೂ ಅನೇಕ ಮನೆಗಳಲ್ಲಿ ತಂದೆತಾಯಿಗಳು ಹಿಂದಿನ ಸಾಲಿನಲ್ಲಿಯೂ, ಯುವಕರು ಮುಂದೆಯೂ ಕುಳಿತಿರುವುದನ್ನು ಕಾಣುತ್ತೇವೆ.

ವಾಹನದ ರಚನೆಯಲ್ಲೂ ವ್ಯತ್ಯಾಸವಿದೆ. 2000ದಲ್ಲಿ ಬಂದ ಬೊಲೆರೊ ವಾಹನದ ಹಿಂದೆ ಕಮಾನುಪಟ್ಟಿಗಳಿವೆ. 2002ರ ಸ್ಕಾರ್ಪಿಯೊ, 2009ರಲ್ಲಿ ಭಾರತಕ್ಕೆ ಬಂದ ಫಾರ್ಚುನರ್ ಇವುಗಳಲ್ಲಿ ಸುರುಳಿ ಸ್ಪ್ರಿಂಗುಗಳಿವೆ. ಆದರೆ ಮೂರರಲ್ಲಿಯೂ ಹಿಂದಿನ ಎರಡು ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಜೋಡಿಸಿರುವುದರಿಂದ ಒಂದು ಚಕ್ರದ ಏಟು ಇನ್ನೊಂದಕ್ಕೂ ತಾಗುತ್ತದೆ. ಅಮೆರಿಕದ ದೊಡ್ಡ ವಾಹನಗಳಲ್ಲಿ ಫೋರ್ಡ್ ಎಕ್ಸ್‌ಪೆಡಿಶನ್ 2003ರ ಮಾದರಿಯಲ್ಲೂ, ಷೆವರ್ಲೆ ತಾಹೊ 2021ರ ಮಾದರಿಯಲ್ಲೂ ಹಿಂಚಕ್ರಗಳನ್ನು ಪ್ರತ್ಯೇಕವಾಗಿ ಚಲಿಸುವಂತೆ ಮಾಡಿದವು. ನಮ್ಮಲ್ಲಿ ಭಾರ ಹೊರುವ ಶಕ್ತಿ ಹಾಗೂ ಕಡಿಮೆ ವೆಚ್ಚದ ದುರಸ್ತಿಯ ಕಾರಣದಿಂದ ಗಟ್ಟಿ ಆಕ್ಸಲ್ ಉಳಿದುಕೊಂಡಿದೆ. ಎರೆಹೊಲದ ದಾರಿಯಲ್ಲಿ ಅದು ತಪ್ಪು ಆಯ್ಕೆಯೆಂದು ಹೇಳಲಾಗದು.

ಗಾಳಿಯಿಂದ ಆರಂಭಿಸಿ

ಪರಿಶೀಲನೆಯ ಕ್ರಮ ಅಗ್ಗದಿಂದ ದುಬಾರಿಯ ಕಡೆಗೆ ಸಾಗಬೇಕು. ಮೊದಲನೆಯದು ಟೈರಿನ ಗಾಳಿ. ಚಾಲಕರ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿ ಒತ್ತಡದ ಪ್ರಮಾಣ ಬರೆದಿರುತ್ತದೆ. ಎಷ್ಟೋ ವಾಹನಗಳಲ್ಲಿ ಖಾಲಿ ಭಾರಕ್ಕೆ ಒಂದು, ಪೂರ್ಣ ಭಾರಕ್ಕೆ ಇನ್ನೊಂದು ಅಂಕಿ ಇರುತ್ತದೆ. ಪಂಕ್ಚರ್ ಅಂಗಡಿಯಲ್ಲಿ "ದೊಡ್ಡ ಗಾಡಿ" ಎಂಬ ಒಂದೇ ಕಾರಣಕ್ಕೆ ನಾಲ್ಕಕ್ಕೂ 40 ಪಿಎಸ್‌ಐ ಹೊಡೆಯುವ ರೂಢಿಯಿದೆ. ಚೀಟಿಯಲ್ಲಿ 33 ಎಂದಿದ್ದು ಟೈರಿನಲ್ಲಿ 40 ಇದ್ದರೆ ಯಾವ ಶಾಕ್ ಅಬ್ಸಾರ್ಬರ್ ಬದಲಿಸಿದರೂ ಫಲವಿಲ್ಲ. ಬೆಳಿಗ್ಗೆ ವಾಹನ ಹೊರಡಿಸುವ ಮೊದಲು, ಟೈರು ತಣ್ಣಗಿದ್ದಾಗಲೇ ಅಳೆಯಬೇಕು. ಉಷ್ಣತೆ ಐದಾರು ಡಿಗ್ರಿ ಏರಿದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಸ್ವಂತ ಗೇಜ್ ಒಂದನ್ನು ಕೊಂಡಿಟ್ಟುಕೊಳ್ಳುವುದು ಉತ್ತಮ. ಹಾಗೆಂದು ಮೃದುತ್ವದ ಆಸೆಗೆ ಚೀಟಿಯ ಅಂಕಿಗಿಂತ ಕೆಳಗೆ ಇಳಿಸಬಾರದು. ರಾಯಚೂರು ಸೀಮೆಯ ಬೇಸಿಗೆಯಲ್ಲಿ ಕಡಿಮೆ ಗಾಳಿಯ ಟೈರು ಹೆದ್ದಾರಿಯಲ್ಲಿ ಕಾದು ಸಿಡಿಯುವುದುಂಟು.

ಎರಡನೆಯದು ಟೈರಿನ ಜಾತಿ ಮತ್ತು ವಯಸ್ಸು. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ: 3219 ಎಂದಿದ್ದರೆ 2019ರ 32ನೆಯ ವಾರದಲ್ಲಿ ತಯಾರಾದದ್ದು. ಹಳೆಯದಾದಷ್ಟೂ ರಬ್ಬರು ಬಿರುಸಾಗುತ್ತದೆ. ಸರಕು ವಾಹನಕ್ಕೆಂದು ತಯಾರಿಸಿದ ದಪ್ಪ ಗೋಡೆಯ ಟೈರುಗಳು ಬಾಳಿಕೆ ಬರುತ್ತವೆಂದು ಪ್ರಯಾಣಿಕ ವಾಹನಕ್ಕೆ ಹಾಕಿಸುವವರಿದ್ದಾರೆ. ಬಾಳಿಕೆ ಬರುವುದು ನಿಜ. ಪೆಟ್ಟನ್ನು ಮೇಲಕ್ಕೆ ದಾಟಿಸುವುದೂ ಅಷ್ಟೇ ನಿಜ.

ಇನ್ನು ಅಲಂಕಾರದ ಅಲಾಯ್ ಚಕ್ರಗಳು. 265/65 ಆರ್ 17 ಅಳತೆಯ ಟೈರಿನ ಗೋಡೆಯ ಎತ್ತರ 172 ಮಿ.ಮೀ. ಅದನ್ನು ತೆಗೆದು 20 ಇಂಚಿನ ಚಕ್ರಕ್ಕೆ 265/50 ಅಳತೆಯ ಟೈರು ಹಾಕಿಸಿದರೆ ಹೊರಗಿನ ವ್ಯಾಸ ಹೆಚ್ಚುಕಡಿಮೆ ಅದೇ ಇದ್ದರೂ ಗೋಡೆಯ ಎತ್ತರ 132 ಮಿ.ಮೀ.ಗೆ ಇಳಿಯುತ್ತದೆ. ರಸ್ತೆಗೂ ವಾಹನಕ್ಕೂ ನಡುವಿನ ಗಾಳಿಯ ದಿಂಬಿನಲ್ಲಿ ಕಾಲುಭಾಗಕ್ಕೆ ಸಮೀಪದಷ್ಟು ಹೋಯಿತು. ಮದುವೆ ಮಂಟಪದ ಮುಂದೆ ನಿಲ್ಲಿಸಲು ಅದು ಚೆನ್ನಾಗಿ ಕಾಣಬಹುದು. ಕಾಲುವೆ ಏರಿಗೆ ಹೇಳಿಸಿದ್ದಲ್ಲ.

ಕೆಸರು, ತುಕ್ಕು ಮತ್ತು ಬಿಗಿದ ಬೋಲ್ಟು

ಗಾಳಿ, ಟೈರು ಸರಿಯಿದ್ದೂ ಎತ್ತಿಹಾಕುತ್ತಿದ್ದರೆ ಸ್ಪ್ರಿಂಗನ್ನು ಬದಲಿಸುವ ಮೊದಲು ಅದು ಚಲಿಸುತ್ತಿದೆಯೇ ಎಂದು ನೋಡಬೇಕು. ಗದ್ದೆಯ ಕೆಸರು ದಾರಿಯಲ್ಲಿ ಓಡಾಡುವ ಕಮಾನುಪಟ್ಟಿಯ ವಾಹನಗಳಲ್ಲಿ ಇದೇ ಬಹುಮುಖ್ಯ ಕಾರಣ. ಭಾರ ಬಿದ್ದಾಗ ಬಾಗಿದ ಪಟ್ಟಿ ನೆಟ್ಟಗಾಗುತ್ತದೆ. ನೆಟ್ಟಗಾದಾಗ ಅದರ ಉದ್ದ ಹೆಚ್ಚುತ್ತದೆ. ಆ ಹೆಚ್ಚಿದ ಉದ್ದಕ್ಕೆ ಜಾಗ ಕೊಡಲೆಂದೇ ಒಂದು ತುದಿಯಲ್ಲಿ ಶ್ಯಾಕಲ್ ಎಂಬ ತೂಗುವ ಕೊಂಡಿಯಿದೆ. ಅದರ ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡರೆ ಪಟ್ಟಿಗೆ ಹಿಗ್ಗಲು ದಾರಿಯಿಲ್ಲ. ಅದು ಸ್ಪ್ರಿಂಗಾಗಿ ಉಳಿಯದೆ ಕಬ್ಬಿಣದ ತೊಲೆಯಂತಾಗುತ್ತದೆ. ಪಟ್ಟಿಗಳ ನಡುವೆ ಎರೆಮಣ್ಣು ಸೇರಿ ಒಣಗಿದಾಗಲೂ ಹಾಗೆಯೇ. ದೊಡ್ಡ ಗುಂಡಿಯಲ್ಲಿ ಪಟ್ಟಿಗಳು ಹೇಗೋ ಜಾರುತ್ತವೆ, ಸಣ್ಣ ಏರುತಗ್ಗಿನಲ್ಲಿ ಜಾರುವುದೇ ಇಲ್ಲ. ಪಟ್ಟಿಗಳನ್ನು ಬಿಚ್ಚಿಸಿ, ತೊಳೆದು, ತುಕ್ಕು ಉಜ್ಜಿ, ತಯಾರಕರು ಹೇಳಿದ ಕಡೆ ಗ್ರೀಸ್ ಹಾಕಿ, ಸವೆದ ಬುಶ್ ಬದಲಿಸಿ ಮರಳಿ ಜೋಡಿಸುವ ಕೆಲಸಕ್ಕೆ ತಗಲುವುದು ಬಹುಪಾಲು ಕೂಲಿ ಮಾತ್ರ. ಹೊಸ ಪಟ್ಟಿಯ ಮಾತು ಆಮೇಲೆ.

ಮರುಜೋಡಣೆಯಲ್ಲಿ ಒಂದು ಎಚ್ಚರಿಕೆ ಅಗತ್ಯ. ರಬ್ಬರ್ ಬುಶ್ ಇರುವ ಬೋಲ್ಟುಗಳನ್ನು ವಾಹನ ಜಾಕ್ ಮೇಲೆ ತೂಗುತ್ತಿರುವಾಗಲೇ ಪೂರ್ತಿ ಬಿಗಿದರೆ, ಕೆಳಗಿಳಿಸಿದ ಕೂಡಲೇ ರಬ್ಬರು ತಿರುಚಿಕೊಂಡು ಹಾಗೆಯೇ ನಿಲ್ಲುತ್ತದೆ. ಅದು ತಾನೇ ಒಂದು ಸ್ಪ್ರಿಂಗಿನಂತೆ ಎದುರು ಬಲ ಕೊಟ್ಟು ಹಿಂಬದಿಯನ್ನು ಗಡಸು ಮಾಡುತ್ತದೆ, ಬೇಗ ಹರಿದೂ ಹೋಗುತ್ತದೆ. ಚಕ್ರಗಳು ನೆಲದ ಮೇಲಿದ್ದು, ವಾಹನ ತನ್ನ ಸಹಜ ಎತ್ತರದಲ್ಲಿ ನಿಂತಾಗಲೇ ಕೊನೆಯ ಬಿಗಿತ ಕೊಡಬೇಕು. ಸುರುಳಿ ಸ್ಪ್ರಿಂಗಿನ ವಾಹನದ ಉದ್ದ ತೋಳುಗಳ ಬುಶ್‌ಗಳಿಗೂ ಇದೇ ನಿಯಮ. ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ಇದೊಂದನ್ನು ನೋಡಿಕೊಂಡರೂ ಸಾಕು, ಮುಂದಿನ ಬಿಲ್ಲು ಉಳಿಯುತ್ತದೆ.

ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ ಎಂಬುದನ್ನು ಅನೇಕರು ಅರಿತಿಲ್ಲ. ಭಾರ ಹೊರುವುದು ಸ್ಪ್ರಿಂಗು. ಅದರ ತೂಗಾಟವನ್ನು ಎಣ್ಣೆಯ ಘರ್ಷಣೆಯಿಂದ ಶಾಖವಾಗಿಸಿ ಅಡಗಿಸುವುದಷ್ಟೇ ಶಾಕ್‌ನ ಕೆಲಸ. ಮೈಮೇಲೆ ಎಣ್ಣೆ ಸೋರಿದ್ದರೆ, ಉಬ್ಬು ದಾಟಿದ ಮೇಲೂ ಹಿಂಬದಿ ಎರಡು ಮೂರು ಬಾರಿ ತೂಗಿದರೆ ಅದು ಮುಗಿದಿದೆ. ಎಡಬಲ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಸೋರಿಕೆಯಿಲ್ಲದೆ, ತೂಗಾಟವಿಲ್ಲದೆ, ಬರಿಯ ಗಡಸುತನವಿದ್ದರೆ 'ಹೆವಿ ಡ್ಯೂಟಿ' ಶಾಕ್ ಹಾಕಿಸುವುದು ಗಾಯಕ್ಕೆ ಉಪ್ಪು ಸವರಿದಂತೆ.

ಪಟ್ಟಿ ಹೆಚ್ಚಿಸುವುದು, ಪಟ್ಟಿ ತೆಗೆಯುವುದು

ಪಟ್ಟಿಯ ದಪ್ಪ ಸ್ವಲ್ಪ ಹೆಚ್ಚಿದರೂ ಅದರ ಗಟ್ಟಿತನ ಬಹಳ ಹೆಚ್ಚುತ್ತದೆ. ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 7 ಮಿ.ಮೀ. ಪಟ್ಟಿಯ ಬದಲು 8 ಮಿ.ಮೀ. ಪಟ್ಟಿ ಹಾಕಿದರೆ ಅದರ ಗಟ್ಟಿತನ ಸುಮಾರು ಒಂದೂವರೆ ಪಟ್ಟಾಗುತ್ತದೆ. "ಸಿಕ್ಕ ಪಟ್ಟಿ ಹಾಕಿದ್ದೇವೆ, ಒಂದು ಮಿಲಿಮೀಟರಿನ ವ್ಯತ್ಯಾಸವಷ್ಟೆ" ಎಂಬ ಮಾತನ್ನು ಒಪ್ಪಬಾರದು. ಸುರುಳಿ ಸ್ಪ್ರಿಂಗಿನ ಸುತ್ತುಗಳ ನಡುವೆ ಸಿಕ್ಕಿಸುವ ರಬ್ಬರ್ ಬಳೆಗಳನ್ನು ಆರಾಮದ ಹೆಸರಿನಲ್ಲಿ ಮಾರಲಾಗುತ್ತಿದೆ. ಅವು ಕೆಲವು ಸುತ್ತುಗಳ ಚಲನೆಯನ್ನು ತಡೆದು ಸ್ಪ್ರಿಂಗನ್ನು ಗಟ್ಟಿ ಮಾಡುತ್ತವೆ. ಭಾರದಿಂದ ಬಡಿಯುವ ವಾಹನಕ್ಕೆ ತಾತ್ಕಾಲಿಕ ಆಸರೆಯಾದಾವು; ಖಾಲಿ ಓಡುವಾಗ ಎತ್ತಿಹಾಕುವ ವಾಹನಕ್ಕೆ ಅವು ಸಲ್ಲವು.

ಮೃದುವಾಗಲೆಂದು ಪಟ್ಟಿ ತೆಗೆಸುವುದು ಇನ್ನೂ ಗಂಭೀರ ವಿಷಯ. ಕೆಲವು ವಾಹನಗಳಲ್ಲಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕೆಂಬುದನ್ನು ಆಕ್ಸಲ್‌ಗೂ ಚಾಸಿಗೂ ನಡುವಿನ ಅಂತರ ನೋಡಿ ನಿರ್ಧರಿಸುವ ಕವಾಟವಿರುತ್ತದೆ. ಪಟ್ಟಿ ತೆಗೆದು ಹಿಂಬದಿ ಕೆಳಗಿಳಿದರೆ ಆ ಕವಾಟ ವಾಹನ ತುಂಬಿದೆಯೆಂದು ಭಾವಿಸಿ ಹಿಂದಿನ ಚಕ್ರಗಳಿಗೆ ಹೆಚ್ಚು ಬ್ರೇಕು ಕೊಡುತ್ತದೆ. ಒದ್ದೆ ರಸ್ತೆಯಲ್ಲಿ ಹಿಂಚಕ್ರ ಜಾಮ್ ಆಗಿ ವಾಹನ ಅಡ್ಡ ತಿರುಗಲು ಇಷ್ಟು ಸಾಕು.

ಕುಸಿದ ಸ್ಪ್ರಿಂಗಿಗೆ ಸರಿಯಾದ ಪರಿಹಾರವೆಂದರೆ ತಯಾರಕರು ಅದೇ ಮಾದರಿಗೆ ನಿಗದಿಪಡಿಸಿದ ಬಿಡಿಭಾಗದ ಸಂಖ್ಯೆಯ ಸ್ಪ್ರಿಂಗನ್ನು ಎರಡೂ ಬದಿಗೆ ಹಾಕಿಸುವುದು. ಕುಸಿದಿದೆಯೇ ಎಂದು ತಿಳಿಯಲು ಸಮತಟ್ಟಾದ ಜಾಗದಲ್ಲಿ ಚಕ್ರದ ಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಎಡಬಲಗಳನ್ನು ಅಳೆದು, ಅದೇ ಮಾದರಿಯ ಹೊಸ ವಾಹನದ ಅಳತೆಯೊಂದಿಗೆ ಹೋಲಿಸಬಹುದು.

ಕಾಯ್ದೆ ಮತ್ತು ವಿಮೆ

ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಲ್ಲಿ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಸವೆದ ಭಾಗಕ್ಕೆ ಬದಲಾಗಿ ಅದೇ ಬಗೆಯ ಭಾಗ ಹಾಕಿಸುವುದು ದುರಸ್ತಿ. ವಾಹನದ ಎತ್ತರ, ಭಾರ ಹೊರುವ ಶಕ್ತಿ ಇವುಗಳನ್ನು ಬದಲಿಸುವುದು ಬೇರೆಯೇ ಮಾತು.

ವರ್ತಕರು ಇದಕ್ಕಿಂತಲೂ ಹೆಚ್ಚು ಗಮನಿಸತಕ್ಕದ್ದು ವಿಮಾ ಪತ್ರದ ಷರತ್ತು. ಖಾಸಗಿ ಕಾರಿನ ಪ್ಯಾಕೇಜ್ ಪಾಲಿಸಿಯಲ್ಲಿ 'ಬಳಕೆಯ ಮಿತಿಗಳು' ಎಂಬ ಭಾಗವನ್ನು ಓದಿ ನೋಡಿ. ಮಾದರಿ ಸರಕು ಹಾಗೂ ಸ್ವಂತ ಪ್ರಯಾಣದ ಸಾಮಾನು ಹೊರತು ಬೇರೆ ಸರಕು ಸಾಗಣೆಗೆ ಆ ಪಾಲಿಸಿ ಅನ್ವಯಿಸುವುದಿಲ್ಲ. ಸುಗ್ಗಿಯ ಅವಸರದಲ್ಲಿ ಹಿಂದಿನ ಆಸನ ಮಡಚಿ 75 ಕೆ.ಜಿ.ಯ ನಾಲ್ಕು ಭತ್ತದ ಚೀಲ ಹಾಕಿಕೊಂಡು ಹೋಗುವುದು, ಅದಕ್ಕಾಗಿಯೇ ಒಂದು ಪಟ್ಟಿ ಹೆಚ್ಚು ಹಾಕಿಸುವುದು ನಮ್ಮಲ್ಲಿ ಅಪರೂಪವಲ್ಲ. ಅಪಘಾತವಾದಲ್ಲಿ ಸರ್ವೇಯರ್ ವಾಹನದಡಿ ಇಣುಕಿದಾಗ ಆ ಹೆಚ್ಚುವರಿ ಪಟ್ಟಿಯೇ ಸರಕು ಸಾಗಣೆಯ ಸಾಕ್ಷಿಯಾಗಿ ನಿಲ್ಲುತ್ತದೆ. ಹಿಂಬದಿಯ ಬಡಿತಕ್ಕೆ ಕಾರಣ ಚೀಲಗಳಾಗಿದ್ದರೆ, ಪರಿಹಾರವಿರುವುದು ಗ್ಯಾರೇಜಿನಲ್ಲಲ್ಲ, ಸರಕು ವಾಹನದಲ್ಲಿ.

ಲೆಕ್ಕದ ಪುಸ್ತಕದಲ್ಲಿ

ಜಿಎಸ್‌ಟಿ ಕಾಯ್ದೆಯ 17(5) ಕಲಮಿನಂತೆ, ಚಾಲಕರೂ ಸೇರಿ 13 ಜನರವರೆಗೆ ಆಸನವಿರುವ ಪ್ರಯಾಣಿಕ ವಾಹನದ ಖರೀದಿಯ ಮೇಲಾಗಲಿ, ಅದರ ವಿಮೆ, ಸರ್ವಿಸ್, ದುರಸ್ತಿ ಸೇವೆಗಳ ಮೇಲಾಗಲಿ ಸಾಮಾನ್ಯ ವರ್ತಕರಿಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಬಿಲ್ಲಿನಲ್ಲಿ ಬಿಡಿಭಾಗಗಳನ್ನು ಪ್ರತ್ಯೇಕವಾಗಿ ತೋರಿಸಿದ ಮಾತ್ರಕ್ಕೆ ಜಮೆ ಪಡೆಯಬಹುದೆಂಬ ಸಲಹೆ ಕೇಳಿಬರುತ್ತದೆ. ವಿವಾದಕ್ಕೆ ಎಡೆಯಿರುವ ಇಂಥ ಸಣ್ಣ ಮೊತ್ತಕ್ಕಾಗಿ ನೋಟೀಸು ಬರಮಾಡಿಕೊಳ್ಳುವುದು ಜಾಣತನವಲ್ಲ. ಸರಕು ವಾಹನದ ವಿಷಯದಲ್ಲಿ ಈ ತಡೆಯಿಲ್ಲ. ಆದರೆ ಭತ್ತದಂತಹ ವಿನಾಯಿತಿ ಪಡೆದ ವಸ್ತುವಿನ ವಹಿವಾಟು ಇದ್ದವರಿಗೆ ಆ ಪ್ರಮಾಣದಷ್ಟು ಜಮೆ ಕಡಿತವಾಗುತ್ತದೆ ಎಂಬುದನ್ನು ಮರೆಯಬಾರದು.

ಆದಾಯ ತೆರಿಗೆಯಲ್ಲಿ, ಇರುವ ಆಸ್ತಿಯನ್ನು ಇದ್ದ ಸ್ಥಿತಿಯಲ್ಲಿ ಕಾಪಾಡುವ ಖರ್ಚು 'ಚಾಲ್ತಿ ದುರಸ್ತಿ'. ಹೊಸ ಆಸ್ತಿ ಅಥವಾ ಹೊಸ ಅನುಕೂಲ ಸೃಷ್ಟಿಸುವ ಖರ್ಚು ಹಾಗಲ್ಲ. 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು ಇದನ್ನೇ. ಸವೆದ ಸ್ಪ್ರಿಂಗು, ಶಾಕ್, ಬುಶ್‌ಗಳ ಬದಲಾವಣೆ ಆ ವರ್ಷದ ಖರ್ಚಾಗಿಯೇ ಸಲ್ಲುತ್ತದೆ. ದುಬಾರಿ ಅಲಾಯ್ ಚಕ್ರಗಳನ್ನು ದುರಸ್ತಿಯೆಂದು ಬರೆದರೆ ಪ್ರಶ್ನೆ ಏಳಬಹುದು. ವಾಹನವನ್ನು ಮನೆಯ ಕೆಲಸಕ್ಕೂ ಬಳಸುತ್ತಿದ್ದರೆ ಆ ಪಾಲನ್ನು ಕಳೆಯಬೇಕು. ಉದಾಹರಣೆಗೆ, ಹಿಂಬದಿ ದುರಸ್ತಿಯ ಬಿಲ್ಲು ರೂ. 36,000, ಅದರ ಮೇಲೆ ಶೇ. 18 ಜಿಎಸ್‌ಟಿ ರೂ. 6,480, ಒಟ್ಟು ರೂ. 42,480. ಜಮೆ ಇಲ್ಲದ್ದರಿಂದ ತೆರಿಗೆಯೂ ಖರ್ಚಿನ ಭಾಗವೇ. ಮನೆಯ ಬಳಕೆ ಶೇ. 20 ಎಂದಾದರೆ ರೂ. 8,496 ಕಳೆದು, ರೂ. 33,984 ಮಾತ್ರ ವ್ಯವಹಾರದ ಖರ್ಚು. ಒಬ್ಬರಿಗೆ ಒಂದು ದಿನದಲ್ಲಿ ರೂ. 10,000 ಮೀರಿ ನಗದು ಕೊಟ್ಟರೆ ಅದೂ ಅಮಾನ್ಯವಾಗುತ್ತದೆ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದ್ದರೂ ಈ ತತ್ತ್ವಗಳು ಮುಂದುವರಿದಿವೆ.

ವಹಿವಾಟಿನ ಶೇ. 8 ಅಥವಾ 6ರಂತೆ ಅಂದಾಜು ಲಾಭ ತೋರಿಸುವ ಯೋಜನೆಯಲ್ಲಿರುವ ಸಣ್ಣ ವರ್ತಕರಿಗೆ ಇದಾವುದೂ ಪ್ರತ್ಯೇಕವಾಗಿ ಸಿಗುವುದಿಲ್ಲ. ಎಲ್ಲ ಖರ್ಚೂ ಆ ಅಂದಾಜಿನಲ್ಲೇ ಸೇರಿದೆ. ಅಂಥವರು ಅನಗತ್ಯ ದುರಸ್ತಿಗೆ ಕೊಟ್ಟ ಪ್ರತಿ ರೂಪಾಯಿಯೂ ಸ್ವಂತ ಜೇಬಿನದೇ.

ಗ್ಯಾರೇಜಿನಿಂದ ಬಿಲ್ಲು ಪಡೆಯುವಾಗ ಬಿಡಿಭಾಗದ ಸಂಖ್ಯೆ, ಎಡ ಅಥವಾ ಬಲ, ಕೂಲಿ, ವಾಹನ ಓಡಿದ ಕಿಲೋಮೀಟರ್ ಇವುಗಳನ್ನು ಬರೆಯಿಸಿಕೊಳ್ಳಿ. ತೆಗೆದ ಹಳೆಯ ಭಾಗಗಳನ್ನು ಕೇಳಿ ತನ್ನಿ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿಸಿ, ಅದೇ ರಸ್ತೆಯಲ್ಲಿ ಓಡಿಸಿ ನೋಡಿ, ಅನಂತರ ಮುಂದಿನದು.

ಇಷ್ಟಾದರೂ ತೃಪ್ತಿಯಾಗದೆ ವಾಹನವನ್ನೇ ಬದಲಿಸುವ ಮನಸ್ಸಾದರೆ, 4 ಮೀಟರ್ ಉದ್ದ, 1,500 ಸಿಸಿ ಎಂಜಿನ್ ಹಾಗೂ 170 ಮಿ.ಮೀ. ನೆಲದಂತರದ ಮಿತಿಗಳನ್ನು ಮೀರಿದ ವಾಹನದ ಮೇಲೆ 2025ರ ಸೆಪ್ಟೆಂಬರ್ 22ರಿಂದ ಶೇ. 40 ಜಿಎಸ್‌ಟಿ ಇದೆಯೆಂಬುದನ್ನೂ, ಅದರ ಜಮೆ ಇಲ್ಲವೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸವಕಳಿ ವರ್ಷಕ್ಕೆ ಶೇ. 15 ಮಾತ್ರ, 180 ದಿನಕ್ಕಿಂತ ಕಡಿಮೆ ಬಳಸಿದ ವರ್ಷದಲ್ಲಿ ಅದರ ಅರ್ಧ. ಪ್ರಾಯೋಗಿಕ ಚಾಲನೆಯನ್ನು ಷೋರೂಮಿನ ಮುಂದಿನ ಕಾಂಕ್ರೀಟು ರಸ್ತೆಯಲ್ಲಿ ಮುಗಿಸದೆ, ನಿತ್ಯ ಕೂರುವಷ್ಟು ಜನರನ್ನು ಕೂರಿಸಿಕೊಂಡು ನಿತ್ಯದ ದಾರಿಯಲ್ಲೇ ಮಾಡಿರಿ. ಒಮ್ಮೆ ತಾವೇ ಮೂರನೆಯ ಸಾಲಿನಲ್ಲಿ ಕುಳಿತು ನೋಡಿರಿ. ಹೊಸ ವಾಹನಗಳು ಲಾರಿಯ ಮೇಲೆ ಬರುವಾಗ ಟೈರುಗಳಲ್ಲಿ ಹೆಚ್ಚು ಗಾಳಿ ತುಂಬಿರುವುದುಂಟು. ಆದುದರಿಂದ ಪ್ರಾಯೋಗಿಕ ಚಾಲನೆಗೆ ಮೊದಲೂ, ವಾಹನ ಕೈಗೆ ಬಂದ ದಿನವೂ, ಬಾಗಿಲ ಕಂಬದ ಚೀಟಿಯನ್ನು ಓದಿ ಗಾಳಿಯನ್ನು ಅಳೆಯಿಸಿಕೊಳ್ಳಿ.